‘ಯಾವ ಭಾಷಾದಾಗ ಕೇಳೀರಿ?’: ಒಬ್ಬ ಹುಡುಗಿ, ಮೂವರು ಶಿಕ್ಷಕರು, ಒಂದು ವರ್ಷ

ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿಕಲಿ (ಒಂದರಿಂದ ಮೂರನೇ ತರಗತಿ) ಶಿಕ್ಷಕಿ. 2022–23ರಲ್ಲಿ ಎರಡನೇ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಅವಳ ಬಗ್ಗೆ ಬರೆಯುತ್ತಾ ಹೋದಂತೆ ನನ್ನ ಬಗ್ಗೆಯೂ ಜಾಸ್ತಿ ಬರೆಯಬೇಕಾಯಿತು. ಯಾಕೆಂದರೆ ಆ ವರ್ಷ ಆ ಶಾಲೆ ಕೈಹಿಡಿದದ್ದು ನಮ್ಮಿಬ್ಬರನ್ನೂ.

ನಾನು ಹಾಸನ ಕಡೆಯವಳು. 2015ರಲ್ಲಿ ಕೆಲಸ ಸಿಕ್ಕಿ ಈ ಜಿಲ್ಲೆಗೆ ಬಂದೆ. ಮೊದಲ ಶಾಲೆಯಲ್ಲಿ ಆರು ವರ್ಷಕ್ಕಿಂತ ಜಾಸ್ತಿ ಇದ್ದೆ. ಅಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಒಂದು ಸಲ ತಪಾಸಣೆಗೆ ಬಂದವರ ಮುಂದೆ ನನ್ನ ಮೂರು ಮಕ್ಕಳು ಓದಲಿಲ್ಲ. ಮುಖ್ಯ ಶಿಕ್ಷಕರು ಎಲ್ಲರ ಎದುರಿಗೇ, ‘ಅದು ಅವರ ಕ್ಲಾಸು, ಅವರನ್ನೇ ಕೇಳಿ’ ಎಂದುಬಿಟ್ಟರು. ಆ ಮಾತು ಬಹಳ ದಿನ ನನ್ನೊಳಗೇ ಉಳಿಯಿತು. ಅವತ್ತಿನಿಂದ ನನಗೆ ಏನಾದರೂ ಗೊತ್ತಾಗದಿದ್ದರೆ ಮುಚ್ಚಿಡುವುದನ್ನು ಕಲಿತೆ. ಓದು ಬಾರದ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಕೂರಿಸುವುದನ್ನೂ ಕಲಿತೆ. ಇದನ್ನು ಹೇಳಿಕೊಳ್ಳಲು ಸಂಕಟವಾಗುತ್ತದೆ, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಆಮೇಲೆ ಮಕ್ಕಳ ಸಂಖ್ಯೆ ಕಡಿಮೆಯಾಗಿ ನಾನು ‘ಹೆಚ್ಚುವರಿ’ ಶಿಕ್ಷಕಿಯಾದೆ, ಬೇರೆ ಶಾಲೆ ಆರಿಸಿಕೊಳ್ಳಬೇಕಾಯಿತು. ಕೌನ್ಸೆಲಿಂಗ್‌ನಲ್ಲಿ ಈ ಶಾಲೆ ಸಿಕ್ಕಿತು. ಅಳುತ್ತಲೇ ಬಂದೆ.

ಶಾಲೆ ಊರಿನ ಅಂಚಿನಲ್ಲಿದೆ. ಒಂದರಿಂದ ಐದನೇ ತರಗತಿ, ಆ ವರ್ಷ 68 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಪಕ್ಕದ ಲಂಬಾಣಿ ತಾಂಡಾದವರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರು. ಅಷ್ಟೇ ಇದ್ದೆವು. ಹೆಡ್ ಸರ್, ದೊಡ್ಡ ಅಕ್ಕೋರು, ನಾನು. ಈ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ಹಾಗಾಗಿ ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ಅಡುಗೆ ಮಾಡುವ ಇಬ್ಬರಲ್ಲಿ ಒಬ್ಬರು ತಾಂಡಾದವರು. ಅವರನ್ನು ಎಲ್ಲರೂ ಬಾಯಿ ಎಂದು ಕರೆಯುತ್ತಾರೆ.

ಮೇ 16ಕ್ಕೆ ಶಾಲೆ ಶುರುವಾಯಿತು. ಕೊರೊನಾ ಮುಗಿದ ಮೇಲಿನ ‘ಕಲಿಕಾ ಚೇತರಿಕೆ’ಯ ವರ್ಷ ಅದು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದೇ 2021ರ ಅಕ್ಟೋಬರ್ 25ಕ್ಕೆ. ಅಂದರೆ ಎರಡನೇ ತರಗತಿಗೆ ಬಂದ ಮಕ್ಕಳು ಒಂದನೇ ತರಗತಿಯನ್ನು ಅರ್ಧ ವರ್ಷವೂ ಸರಿಯಾಗಿ ನೋಡಿರಲಿಲ್ಲ.

ಮೊದಲ ವಾರವೇ ಹೆಡ್ ಸರ್ ನನ್ನನ್ನು ಕೂರಿಸಿಕೊಂಡು ಕೇಳಿದ್ದು, ‘ನಿಮಗ ಭಾಳ ಬ್ಯಾಸರ ಬರೋ ಕೆಲಸ ಯಾವುದ್ರಿ?’ ನಾನು ಗಾಬರಿಯಾದೆ. ಇದೇನು ಪರೀಕ್ಷೆಯೋ ಎಂದುಕೊಂಡೆ. ಆನ್‌ಲೈನ್ ದಾಖಲೆ ತುಂಬುವುದು ಎಂದೆ. ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ಇಲಾಖೆಯ ವ್ಯವಸ್ಥೆ), ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ಲೆಕ್ಕ. ‘ಅದನ್ನ ನಾ ಮಾಡ್ತೀನಿ. ನೀವು ಮಕ್ಕಳ ಕಡೆ ನೋಡ್ರಿ’ ಎಂದರು. ಅವರು ಅದನ್ನು ದೊಡ್ಡ ಉಪಕಾರದ ಹಾಗೆ ಹೇಳಲೂ ಇಲ್ಲ. ಮರುದಿನದಿಂದ ಸಂಜೆ ನಾಲ್ಕೂವರೆಯ ಮೇಲೆ ಅವರು ಫೋನು ಹಿಡಿದು ನೆಟ್‌ವರ್ಕ್ ಸಿಗುವ ಬೇವಿನ ಮರದ ಕಟ್ಟೆ ಮೇಲೆ ಕೂತಿರುತ್ತಿದ್ದರು.

ಮಾತಾಡದ ಹುಡುಗಿ

ನಲಿಕಲಿ ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂದ ಕ್ರಮ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ. ಪ್ರತಿ ಮಗುವೂ ಏಣಿಯಲ್ಲಿ ತಾನೆಲ್ಲಿದ್ದೇನೆ ಎಂದು ನೋಡಿಕೊಂಡು, ಆ ಚಿತ್ರವಿರುವ ಕಾರ್ಡು ತಗೊಂಡು, ತನ್ನ ಗುಂಪಿನಲ್ಲಿ ಹೋಗಿ ಕೂರಬೇಕು. ಅಕ್ಷರಗಳೂ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಈ ಐದು ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಐದೇ ಅಕ್ಷರದಲ್ಲಿ ಮಗು ಪದ ಓದಿಬಿಡುತ್ತದೆ. ಬಹಳ ಜಾಣ ಕ್ರಮ, ನನಗೆ ತುಂಬಾ ಇಷ್ಟ.

ಈ ಹುಡುಗಿ ರ ಗ ಸ ದ ಅ ದಾಟಿರಲಿಲ್ಲ. ವಯಸ್ಸು ಏಳು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ದಿನಾ ಸರಿಯಾದ ಹೊತ್ತಿಗೆ ಬರುತ್ತಿದ್ದಳು. ಹಾಲು ಕುಡಿದು ಲೋಟ ತೊಳೆದು ಬೋರಲು ಹಾಕುತ್ತಿದ್ದಳು. ಸ್ಲೇಟನ್ನು ಎದೆಗೆ ಒತ್ತಿ ಹಿಡಿದು ಕೂರುತ್ತಿದ್ದಳು, ಬರೆದದ್ದು ನನಗೆ ಕಾಣಬಾರದು ಎನ್ನುವ ಹಾಗೆ. ಮಾತು ಮಾತ್ರ ಇಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಜೂನ್ ಮುಗಿಯಿತು. ಒಂದು ಪದ ಇಲ್ಲ.

ನನಗೆ ಮೊದಲು ಬಂದ ಯೋಚನೆ, ಕಿವಿ ಕೇಳಿಸುವುದಿಲ್ಲವೇನೋ ಎಂದು. ಆಮೇಲೆ, ಬುದ್ಧಿ ಕಡಿಮೆ ಇರಬೇಕು ಎಂದು. ಹಳೇ ಅಭ್ಯಾಸದಂತೆ ಅವಳನ್ನು ಮೂಲೆಯ ದುಂಡು ಮೇಜಿಗೆ ಸರಿಸಿದೆ.

ಈ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಮಕ್ಕಳು ಹೋದ ಮೇಲೆ ಮೂವರೂ ಅರ್ಧ ಗಂಟೆ ಕೂರುತ್ತಿದ್ದೆವು. ಒಂದು ಇನ್ನೂರು ಪೇಜಿನ ನೋಟ್‌ಬುಕ್. ಪ್ರತಿಯೊಬ್ಬರೂ ಒಂದು ಮಗುವಿನ ಹೆಸರು ಬರೆಯಬೇಕು, ನನಗೆ ಈ ಮಗುವಿನ ವಿಷಯದಲ್ಲಿ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ ಎಂದು. ಬರೆಯಲೇಬೇಕು. ಹೆಡ್ ಸರ್ ತಾವೇ ಮೊದಲು ಬರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಮನುಷ್ಯ ಐದನೇ ತರಗತಿಯ ಒಬ್ಬ ಹುಡುಗನ ಹೆಸರು ಬರೆದು, ‘ಭಾಗಾಕಾರ ಹೆಂಗ ಹೇಳಿದ್ರೂ ತಲೀಗೆ ಹೋಗವಲ್ದು. ನನ್ನ ಕಡಿಂದ ಆಗಿಲ್ಲ’ ಎನ್ನುತ್ತಿದ್ದರು. ನನಗೆ ಅದೇ ಒಂದು ಆಶ್ಚರ್ಯ. ಮೊದಲ ನಾಲ್ಕು ಶನಿವಾರ ನಾನು ಸುಮ್ನೆ ಸಣ್ಣಪುಟ್ಟ ವಿಷಯ ಬರೆದೆ. ಒಬ್ಬ ತಡವಾಗಿ ಬರುತ್ತಾನೆ, ಇನ್ನೊಬ್ಬಳ ಅಕ್ಷರ ದುಂಡಗಿಲ್ಲ, ಹೀಗೆ. ಜುಲೈ ಮೊದಲ ಶನಿವಾರ ಅವಳ ಹೆಸರು ಬರೆದೆ. ಪಕ್ಕದಲ್ಲಿ, ‘ಏನೂ ಬರುವುದಿಲ್ಲ’ ಎಂದೆ.

ದೊಡ್ಡ ಅಕ್ಕೋರು ಕನ್ನಡಕ ಸರಿಮಾಡಿಕೊಂಡು ಓದಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು, ‘ಏನೂ ಬರೂದಿಲ್ಲ ಅಂತೀರಿ. ಯಾವ ಭಾಷಾದಾಗ ಕೇಳೀರಿ?’

ನಾನು ಮಾತಾಡಲಿಲ್ಲ. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಆದರೆ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲವಲ್ಲ, ಅದಕ್ಕೆ ಮುಖ ಬಿಸಿಯಾಯಿತು. ಅವಳ ಮನೆಯ ಮಾತು ಗೋರ್ ಬೋಲಿ, ಅಂದರೆ ಲಂಬಾಣಿ ಅಥವಾ ಲಂಬಾಡಿ ಭಾಷೆ. ಅಮ್ಮ ಅವಳಿಗೆ ‘ಯಾಡಿ’. ರೊಟ್ಟಿ ‘ಬಾಟಿ’. ನೀರು ‘ಪಾಣಿ’. ಕನ್ನಡಕ್ಕೂ ಅದಕ್ಕೂ ನಂಟೇ ಇಲ್ಲ, ಅದು ರಾಜಸ್ಥಾನದ ಕಡೆಯ ಭಾಷೆಗಳ ಬಳಗದ್ದು. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಜಾಸ್ತಿ ಜನ ಲಂಬಾಡಿ ತಮ್ಮ ಮಾತು ಎಂದು ಹೇಳಿದ್ದಾರೆ. ಆದರೂ ಪಟ್ಟಿಯಲ್ಲಿ ಅದನ್ನು ಹಿಂದಿಯ ಅಡಿಯಲ್ಲಿ ಸೇರಿಸಿದ್ದಾರೆ. ಅದಕ್ಕೆ ಅದರದೇ ಲಿಪಿ ಇಲ್ಲ. ಆದಷ್ಟೂ ಮಗುವಿನ ತಾಯಿನುಡಿಯಲ್ಲೇ ಕಲಿಸಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ನಮ್ಮ ಕೋಣೆಯಲ್ಲಿ ಆ ಭಾಷೆ ಗೊತ್ತಿದ್ದ ಶಿಕ್ಷಕರು ಯಾರೂ ಇರಲಿಲ್ಲ.

ಗರಗಸ ಎಂದು ನಾನು ದಿನಾ ಹೇಳಿಕೊಡುತ್ತಿದ್ದೆ. ಅವಳು ಗರಗಸವನ್ನೂ ನೋಡಿರಲಿಲ್ಲ, ಅಗಸನನ್ನೂ ನೋಡಿರಲಿಲ್ಲ, ಅರಸನಂತೂ ಕೇಳಲೇಬೇಡಿ. ಅಕ್ಷರ ಕೂಡಿಸಿದರೂ ಅವಳ ಮನಸ್ಸಿನಲ್ಲಿ ಮೂಡಲು ಚಿತ್ರವೇ ಇಲ್ಲ.

ಇನ್ನೊಂದು ಮಾತು. ಈ ಜಿಲ್ಲೆಗೆ ಬಂದಾಗ ನನಗೂ ಇಲ್ಲಿಯ ಕನ್ನಡ ಅರ್ಥವಾಗುತ್ತಿರಲಿಲ್ಲ. ‘ಚಲೋ ಅದ ಇಲ್ರಿ?’ ಎಂದರೆ ಹೊರಡೋಣವಾ ಎಂದು ಕೇಳುತ್ತಿದ್ದಾರೆ ಅಂದುಕೊಂಡು ಎದ್ದು ನಿಂತಿದ್ದೆ. ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಅದೂ ಕನ್ನಡವೇ, ನಾನು ಇಪ್ಪತ್ತೈದು ವರ್ಷದವಳು. ಇವಳಿಗೆ ಏಳು.

ತೀಜ್ ಬುಟ್ಟಿ

ಶ್ರಾವಣದಲ್ಲಿ ತಾಂಡಾದ ಹುಡುಗಿಯರು ಶಾಲೆಗೆ ಬರುವುದು ಕಡಿಮೆಯಾಯಿತು. ನನಗೆ ಸಿಟ್ಟು. ಹೇಳದೆ ಕೇಳದೆ ರಜೆ ಹಾಕುತ್ತಾರಲ್ಲ ಎಂದು. ದೊಡ್ಡ ಅಕ್ಕೋರು, ‘ನಡ್ರಿ, ನೋಡ್ಕೊಂಡು ಬರೋಣು’ ಎಂದು ಸಂಜೆ ಕರೆದುಕೊಂಡು ಹೋದರು. ಹೆಡ್ ಸರ್ ನನ್ನ ಕೊನೆಯ ಪೀರಿಯಡ್ ನೋಡಿಕೊಂಡರು. 38 ಚಿಕ್ಕ ಮಕ್ಕಳು, ಜೊತೆಗೆ ಅವರದೇ ನಾಲ್ಕು, ಐದನೇ ತರಗತಿಯವರು.

ತಾಂಡಾದಲ್ಲಿ ತೀಜ್ ನಡೆಯುತ್ತಿತ್ತು. ಮದುವೆಯಾಗದ ಹುಡುಗಿಯರು ಚಿಕ್ಕ ಚಿಕ್ಕ ಬುಟ್ಟಿಯಲ್ಲಿ ಮಣ್ಣು, ಗೊಬ್ಬರ ಹಾಕಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ನೀರು ಹಾಕಿ, ಹಾಡು ಹೇಳಿ ಬೆಳೆಸುತ್ತಾರೆ. ನಾವು ಹೋದಾಗ ಮೊಳಕೆ ಒಂದು ಗೇಣು ಎದ್ದಿತ್ತು. ಹುಡುಗಿಯರು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಸಾಲಾಗಿ ಬರುತ್ತಿದ್ದರು. ಆ ಸಾಲಿನ ಕೊನೆಯಲ್ಲಿ ಇವಳು. ಪುಟ್ಟ ತಂಬಿಗೆ ಹಿಡಿದು, ಅಕ್ಕನ ಬುಟ್ಟಿಗೆ ನೀರು ಹಾಕುತ್ತಾ, ಪಕ್ಕದವಳನ್ನು ಜೋರಾಗಿ ಬೈಯುತ್ತಿದ್ದಳು. ನೀರು ಜಾಸ್ತಿ ಹಾಕಿದಳಂತೆ, ಮೊಳಕೆ ಕೊಳೆಯುತ್ತದಂತೆ. ಜೊತೆಯಲ್ಲಿದ್ದ ಬಾಯಿ ನನಗೆ ಅರ್ಥ ಹೇಳಿದರು.

ಅವಳ ದನಿಯನ್ನು ನಾನು ಮೊದಲು ಕೇಳಿದ್ದು ಅವತ್ತು. ಎಂಥ ಗಟ್ಟಿ ದನಿ! ನಮ್ಮನ್ನು ನೋಡಿದ ಕೂಡಲೇ ಬಾಯಿ ಮುಚ್ಚಿಕೊಂಡಳು. ಬುಟ್ಟಿಯ ಹಿಂದೆ ಹೋಗಿ ನಿಂತಳು.

ದಾರಿಯಲ್ಲಿ ವಾಪಸು ಬರುವಾಗ ನಾನು ಅತ್ತೆ. ದೊಡ್ಡ ಅಕ್ಕೋರು ಏನೂ ಸಮಾಧಾನ ಹೇಳಲಿಲ್ಲ. ‘ನೀರು ಜಾಸ್ತಿ ಆದ್ರ ಮೊಳಕಿ ಕೊಳೀತದ ಅಂತ ಗೊತ್ತದ ಆಕೀಗೆ. ಪರಿಸರ ಪಾಠದಾಗ ನಾವು ಇನ್ನೇನು ಕಲಸ್ತೀವ್ರಿ?’ ಎಂದರು.

ಹಬ್ಬ ಮುಗಿದ ಮೇಲೆ ಬಾಯಿ ಶಾಲೆಗೇ ಒಂದು ಖಾಲಿ ಬುಟ್ಟಿ ತಂದರು. ಮಕ್ಕಳೆಲ್ಲಾ ಸೇರಿ ಗೋಧಿ ಬಿತ್ತಿದರು. ಎಷ್ಟು ನೀರು ಹಾಕಬೇಕು ಎಂದು ತೋರಿಸುವ ಕೆಲಸ ಇವಳದು. ಮಾತಿಲ್ಲದೆ ಬೆರಳಿನಲ್ಲೇ ತೋರಿಸಿದಳು. ಸಾಕು ಎನ್ನುವುದಕ್ಕೆ ಅಂಗೈ ಅಡ್ಡ ಹಿಡಿಯುತ್ತಿದ್ದಳು, ಹುಡುಗರು ತಟ್ಟನೆ ನಿಲ್ಲಿಸುತ್ತಿದ್ದರು.

ಮೂರು ಗಂಟೆಯ ಇಪ್ಪತ್ತು ನಿಮಿಷ

ಬಾಯಿಯನ್ನು ಕೋಣೆಗೆ ಕರೆಯೋಣ ಎಂದದ್ದು ಹೆಡ್ ಸರ್. ಬಿಸಿಯೂಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತಿಗೆ ಎರಡೂ ಮುಕ್ಕಾಲು ಆಗುತ್ತದೆ. ಆಮೇಲೆ ಇಪ್ಪತ್ತು ನಿಮಿಷ ನಲಿಕಲಿ ಕೋಣೆಯಲ್ಲಿ ಕೂತು ಮಕ್ಕಳ ಜೊತೆ ಅವರ ಭಾಷೆಯಲ್ಲಿ ಮಾತಾಡಬಹುದಾ ಎಂದು ಕೇಳಿದರು. ಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ‘ನಾ ಸಾಲಿ ಕಲ್ತಿಲ್ರಿ ಸರ’ ಎಂದರು. ‘ಅದಕ್ಕ ಕರೀಲಾಕತ್ತೀವಿ. ಕಲ್ತವರು ಮೂರು ಮಂದಿ ಅದೀವಿ, ನಮ್ಮ ಕಡಿಂದ ಆಗಿಲ್ಲ’ ಎಂದರು ಸರ್. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ವಿಷಯ ಇಟ್ಟು, ನಡಾವಳಿಯಲ್ಲಿ ಬರೆಸಿದರು. ನಾಳೆ ಯಾರಾದರೂ ಅಡುಗೆಯವರು ಯಾಕೆ ಕ್ಲಾಸಿನಲ್ಲಿದ್ದಾರೆ ಎಂದು ಕೇಳಿದರೆ ಉತ್ತರ ಕೊಡುವುದು ನಾನಲ್ಲ, ಶಾಲೆ. ಅವರು ಹೀಗೆ ಮುಂಚೆಯೇ ಯೋಚಿಸಿ ನನ್ನ ತಲೆಯ ಮೇಲಿನ ಭಾರ ಇಳಿಸುತ್ತಿದ್ದರು.

ಬಾಯಿಗೆ ಇದಕ್ಕೆ ಒಂದು ರೂಪಾಯಿ ಸಿಗಲಿಲ್ಲ. ಆಗ ಅಡುಗೆಯವರ ಗೌರವಧನ ತಿಂಗಳಿಗೆ ನಾಲ್ಕು ಸಾವಿರವೂ ಇರಲಿಲ್ಲ. ಅವರು ಪ್ರೀತಿಯಿಂದ ಮಾಡಿದರು, ನಿಜ. ಆದರೆ ಆ ಕೆಲಸಕ್ಕೆ ಬೆಲೆ ಕೊಡುವ ದಾರಿ ನಮಗೆ ಸಿಗಲಿಲ್ಲ ಎನ್ನುವ ಕೊರಗು ಇವತ್ತಿಗೂ ನನಗಿದೆ.

ಅವರು ಬಂದು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಾನು ಕಾರ್ಡು ತೋರಿಸುವುದು, ಅವರು ಅವರ ಮಾತಿನಲ್ಲಿ ಕೇಳುವುದು. ಒಂದು ದಿನ ‘ಸರ’ ಕಾರ್ಡು ಬಂತು. ಬಾಯಿ ತಮ್ಮ ಕತ್ತಿನ ಮಣಿಸರ ಹಿಡಿದು ಅಲ್ಲಾಡಿಸಿ ಏನೋ ಕೇಳಿದರು. ಹುಡುಗಿ ತಲೆ ತಗ್ಗಿಸಿಕೊಂಡೇ, ‘ಹಾಂಸಲಿ’ ಎಂದಳು. ಹಾಂಸಲಿ ಅಂದರೆ ಲಂಬಾಣಿ ಹೆಂಗಸರು ಕತ್ತಿಗೆ ಹಾಕುವ ಗಟ್ಟಿ ಬೆಳ್ಳಿ ಬಳೆಯಂಥ ಒಡವೆ. ಬಾಯಿ ನಕ್ಕು, ‘ಹಾಂಸಲಿ ನಿಮ್ಮ ಆಯಿ ಕೊಳ್ಳಾಗ ಅದ. ಇದು ಸರ’ ಎಂದು ಎರಡೂ ಭಾಷೆಯಲ್ಲಿ ಹೇಳಿದರು. ಅವಳು ಮಣಿ ಮುಟ್ಟಿ ನೋಡಿದಳು. ಆಮೇಲೆ ಸ್ಲೇಟನ್ನು ಎದೆಯಿಂದ ಇಳಿಸಿ, ಮಡಿಲಲ್ಲಿಟ್ಟುಕೊಂಡು, ‘ಸರ’ ಎಂದು ಬರೆದಳು. ಬರೆದು ನನಗೆ ತೋರಿಸಿದಳು.

ಆ ಸ್ಲೇಟನ್ನು ಅವತ್ತು ಅಳಿಸಲು ಬಿಡಲಿಲ್ಲ. ನಲಿಕಲಿ ಕೋಣೆಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ದಾರ ಕಟ್ಟಿದ ಚಪ್ಪರ ಇರುತ್ತದೆ. ಹಾಳೆ ತೂಗುವ ದಾರಕ್ಕೆ ಸ್ಲೇಟು ಭಾರ. ದೊಡ್ಡ ಅಕ್ಕೋರು ಕಿಟಕಿಯ ಸರಳಿಗೆ ಕಟ್ಟಿಕೊಟ್ಟರು.

ಸೆಪ್ಟೆಂಬರ್‌ನಲ್ಲಿ ತಪಾಸಣೆಗೆ ಬಂದರು. ಬಂದವರು ಒಳ್ಳೆಯವರೇ, ಆದರೆ ಎಷ್ಟೇ ಒಳ್ಳೆಯವರಾದರೂ ಅಪರಿಚಿತರು ತಾನೇ. ಇವಳ ಮುಂದೆ ಕಾರ್ಡು ಹಿಡಿದು ಓದು ಎಂದರು. ಅವಳು ಮತ್ತೆ ಕಲ್ಲು. ನನ್ನ ಕೈ ತಣ್ಣಗಾಯಿತು. ಹಳೇ ಶಾಲೆಯ ಆ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಬಾಗಿಲಲ್ಲಿ ನಿಂತಿದ್ದ ಹೆಡ್ ಸರ್ ಒಳಗೆ ಬಂದರು. ‘ಈ ಮಗುವಿನ ಸಲುವಾಗಿ ನಾವು ಮೂರೂ ಮಂದಿ ಕೆಲಸ ಮಾಡ್ಲಾಕತ್ತೀವ್ರಿ. ಆಕಿ ಎಲ್ಲಿಂದ ಎಲ್ಲೀತನ ಬಂದಾಳ ಅಂತ ಬರದಿಟ್ಟೀವಿ, ನೋಡ್ರಿ’ ಎಂದು ಶನಿವಾರದ ನೋಟ್‌ಬುಕ್ ತೆಗೆದು ಕೈಗಿಟ್ಟರು. ಬಂದವರು ಕೂತು ನಾಲ್ಕು ಪುಟ ಓದಿದರು.

‘ನಾವು ಮೂರೂ ಮಂದಿ’. ಅಷ್ಟೇ ಮಾತು. ಅವತ್ತು ರಾತ್ರಿ ಮನೆಗೆ ಫೋನು ಮಾಡಿ ಅಮ್ಮನಿಗೆ ಆ ಮೂರು ಪದ ಹೇಳಿದೆ. ಅಮ್ಮನಿಗೆ ಇದರಲ್ಲೇನು ವಿಶೇಷ ಎಂದು ಗೊತ್ತಾಗಲಿಲ್ಲ.

ಕಬ್ಬಿನ ಗ್ಯಾಂಗು

ಇಲ್ಲಿಗೆ ಎಲ್ಲಾ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾಕ್ಕೆ ಲಾರಿ ಬಂದವು. ಕೊಲ್ಹಾಪುರ, ಸಾಂಗ್ಲಿ, ಸತಾರಾ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಇಲ್ಲಿಂದ ಗ್ಯಾಂಗು ಹೋಗುತ್ತವೆ. ಮೊದಲೇ ಮುಂಗಡ ತಗೊಂಡಿರುತ್ತಾರೆ. ಗಂಡ ಹೆಂಡತಿ ಜೋಡಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಹಾಗಾಗಿ ತಾಯಿ ಉಳಿಯುವ ಹಾಗಿಲ್ಲ. ತಾಯಿ ಹೋದರೆ ಮಕ್ಕಳೂ ಹೋಗುತ್ತಾರೆ. ಮಾರ್ಚ್ ತನಕ, ಕೆಲವು ಸಲ ಏಪ್ರಿಲ್ ತನಕ ಹೊಲದ ಬದುವಿನ ಗುಡಿಸಲೇ ಮನೆ. ಅಲ್ಲಿ ಶಾಲೆಗೆ ಹೋದರೂ ಅದು ಮರಾಠಿ ಶಾಲೆ.

ನಾವು ಅವಳನ್ನು ಅಜ್ಜಿಯ ಹತ್ತಿರ ಉಳಿಸಲು ನೋಡಿದೆವು. ಹೆಡ್ ಸರ್, ಎಸ್‌ಡಿಎಂಸಿ ಅಧ್ಯಕ್ಷರು, ತಾಂಡಾದ ನಾಯಕ ಎಲ್ಲರೂ ಹೋಗಿ ಕೂತು ಮಾತಾಡಿದರು. ತಂದೆ ಒಪ್ಪಿದ. ನಾಲ್ಕು ವಾರ ಉಳಿದಳು. ಡಿಸೆಂಬರ್ ಮೊದಲ ವಾರ ಅಜ್ಜಿಗೆ ಕಾಲು ನೋವು ಜೋರಾಯಿತು. ಯಾರೋ ಸಂಬಂಧಿಕರ ಜೊತೆ ಬಸ್ಸಿನಲ್ಲಿ ಹುಡುಗಿಯನ್ನು ಕಳಿಸಿಬಿಟ್ಟರು. ಸೋಮವಾರ ಹಾಜರಿ ಕೂಗುವಾಗ ಕೈ ಎತ್ತಲಿಲ್ಲ.

ನನಗೆ ಬಹಳ ಬೇಜಾರಾಯಿತು. ಐದು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದುಕೊಂಡೆ. ಶನಿವಾರ ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ ಕೂಡ. ಹೆಡ್ ಸರ್ ಅದರ ಕೆಳಗೆ ಬರೆದದ್ದು ಒಂದೇ ಸಾಲು: ‘ಅವಳ ತಾಯಿಯ ಫೋನ್ ನಂಬರ್ ಯಾರ ಹತ್ತಿರ ಇದೆ?’

ಬಾಯಿಯ ಹತ್ತಿರ ಇತ್ತು. ಆಮೇಲೆ ನಡೆದದ್ದು ಇಷ್ಟು. ಕಾರ್ಡುಗಳ ಜೆರಾಕ್ಸ್, ಒಂದು ಸ್ಲೇಟು, ಒಂದು ಡಬ್ಬಿ ಬಳಪ ಕಟ್ಟಿ, ಊರಿನಿಂದ ಆ ಕಡೆ ಹೋಗುತ್ತಿದ್ದ ಒಬ್ಬರ ಕೈಯಲ್ಲಿ ಕಳಿಸಿದೆವು. ಭಾನುವಾರ ಸಂಜೆ ಬಾಯಿಯ ಮನೆಯಿಂದ ಫೋನು. ಮೊದಲು ಬಾಯಿ ಮತ್ತು ತಾಯಿಯ ಮಾತು. ಆಮೇಲೆ ಹುಡುಗಿ. ಅವಳು ಒಂದು ಪದ ಓದುವುದು, ನಾನು ಇಲ್ಲಿಂದ ಹೂಂ ಅನ್ನುವುದು. ಹಿಂದೆ ಟ್ರ್ಯಾಕ್ಟರ್ ಶಬ್ದ. ಎಷ್ಟೋ ಭಾನುವಾರ ಫೋನು ಹತ್ತಲೇ ಇಲ್ಲ. ಹತ್ತಿದಾಗ ಐದು ನಿಮಿಷಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ. ಇದರಿಂದ ಓದು ಎಷ್ಟು ಮುಂದೆ ಹೋಯಿತು? ಜ ವ ಮ ಬ ನ ಅಕ್ಷರಗಳಲ್ಲಿ ಎರಡು ಮೂರು, ಅಷ್ಟೇ. ಆದರೆ ಶಾಲೆ ಎನ್ನುವುದು ಅವಳ ಮನಸ್ಸಿನಿಂದ ಹೋಗಲಿಲ್ಲ. ನನಗೆ ಅಷ್ಟು ಸಾಕಿತ್ತು.

ನನ್ನ ಹೆಸರು ಬರೆದ ಶನಿವಾರ

ಫೆಬ್ರುವರಿಯಲ್ಲಿ ಅಮ್ಮನಿಗೆ ಹುಷಾರು ತಪ್ಪಿತು, ಆಸ್ಪತ್ರೆಗೆ ಸೇರಿಸಿದರು. ಹಾಸನಕ್ಕೆ ಹೋಗಬೇಕು. ಮೂವರೇ ಶಿಕ್ಷಕರಿರುವ ಶಾಲೆಯಲ್ಲಿ ರಜೆ ಕೇಳುವುದು ಎಷ್ಟು ಕಷ್ಟ ಎಂದು ಶಿಕ್ಷಕರಿಗೆ ಗೊತ್ತು. ನಾನು ಕೇಳುವುದೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಶನಿವಾರ ನೋಟ್‌ಬುಕ್ ತೆರೆದಾಗ ಹೆಡ್ ಸರ್ ಆಗಲೇ ಬರೆದಿದ್ದರು. ಮಗುವಿನ ಹೆಸರು ಬರೆಯುವ ಜಾಗದಲ್ಲಿ ನನ್ನ ಹೆಸರು. ಕೆಳಗೆ ಇಡೀ ವಾರದ ಲೆಕ್ಕ. ಬೆಳಿಗ್ಗೆ ದೊಡ್ಡ ಅಕ್ಕೋರು ನಲಿಕಲಿ ಕೋಣೆಗೆ, ನಾಲ್ಕು ಐದನೇ ತರಗತಿ ಎರಡೂ ಸರ್‌ಗೆ, ಮಧ್ಯಾಹ್ನ ಹಾಡು ಆಟ ಸರ್ ಅಂಗಳದಲ್ಲಿ, ಮೂರು ಗಂಟೆಗೆ ಬಾಯಿ ಕತೆ ಹೇಳುವುದು. ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಮುಖ ನೋಡಿ ಅಡುಗೆಮನೆಯಲ್ಲೇ ಗೊತ್ತಾಗಿತ್ತಂತೆ.

ದೊಡ್ಡ ಅಕ್ಕೋರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ರಾತ್ರಿ ಬಸ್ಸಿನಲ್ಲಿ ಅದನ್ನು ಬಿಚ್ಚಿ ತಿನ್ನುವಾಗ ಕಣ್ಣು ತುಂಬಿ ಬಂತು. ಎಂಟು ವರ್ಷದ ಕೆಲಸದಲ್ಲಿ ಅಷ್ಟು ನಿಶ್ಚಿಂತೆಯಿಂದ ನಾನು ರಜೆ ಹಾಕಿರಲಿಲ್ಲ. ಎಂಟು ದಿನ ಬಿಟ್ಟು ಬಂದಾಗ ಚಪ್ಪರದ ತುಂಬಾ ಹೊಸ ಹಾಳೆ ತೂಗುತ್ತಿದ್ದವು. ಹಾಳೆಗಳ ಮೂಲೆಯಲ್ಲಿ ದೊಡ್ಡ ಅಕ್ಕೋರ ಅಕ್ಷರದಲ್ಲಿ ದಿನಾಂಕ.

ಒಳ್ಳೆಯ ಶಾಲೆ ಅಂದರೆ ಏನು ಎಂದು ತರಬೇತಿಗಳಲ್ಲಿ ಗುಂಪು ಚರ್ಚೆ ಮಾಡಿಸುತ್ತಾರೆ. ಕಟ್ಟಡ, ಕಂಪ್ಯೂಟರ್, ಫಲಿತಾಂಶ ಎಂದು ಚಾರ್ಟಿನಲ್ಲಿ ಬರೆಯುತ್ತೇವೆ. ನಮ್ಮ ಶಾಲೆಯಲ್ಲಿ ಮಳೆ ಬಂದರೆ ಒಂದು ಕೋಣೆ ಸೋರುತ್ತದೆ. ಬೇಸಿಗೆಯಲ್ಲಿ ಶೌಚಾಲಯಕ್ಕೆ ನೀರು ಸಾಲದು. ಅದೆಲ್ಲಾ ಸರಿಹೋಗಲೇಬೇಕು, ಅದನ್ನು ನಾನು ಚಿಕ್ಕದು ಮಾಡುತ್ತಿಲ್ಲ. ಆದರೆ ನನ್ನನ್ನು ಕೇಳಿದರೆ, ‘ನನಗೆ ಗೊತ್ತಾಗುತ್ತಿಲ್ಲ’ ಎಂದು ಶಿಕ್ಷಕಿ ಹೆದರದೆ ಹೇಳಬಹುದಾದ ಶಾಲೆ ಒಳ್ಳೆಯ ಶಾಲೆ. ಮುಚ್ಚಿಡುವುದನ್ನು ಕಲಿತ ನಾನು ಮೂಲೆಯ ಮೇಜಿಗೆ ಒಂದು ಮಗುವನ್ನು ಸರಿಸಿದ್ದೆ. ಹೇಳಿಕೊಳ್ಳಲು ಜಾಗ ಸಿಕ್ಕ ಮೇಲೆ ಆ ಮಗು ಮೂಲೆಯಿಂದ ಎದ್ದು ಬಂತು. ಎರಡಕ್ಕೂ ನಾನೇ ಸಾಕ್ಷಿ.

ಒಂದು ಚಿಂತೆಯೂ ಇದೆ. ಇದೆಲ್ಲಾ ನಿಂತಿರುವುದು ಮೂರು ನಾಲ್ಕು ಜನರ ಒಳ್ಳೆಯತನದ ಮೇಲೆ. ಹೆಡ್ ಸರ್ ನಿವೃತ್ತಿಗೆ ಜಾಸ್ತಿ ವರ್ಷ ಉಳಿದಿಲ್ಲ. ಅವರ ಜಾಗಕ್ಕೆ ಬರುವವರು ಹೇಗಿರುತ್ತಾರೋ. ಅದಕ್ಕೇ ಆ ನೋಟ್‌ಬುಕ್ ವಿಷಯವನ್ನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಾನೇ ಎದ್ದು ಹೇಳಿದೆ. ಇನ್ನೂರು ಪೇಜಿನ ಒಂದು ಪುಸ್ತಕ, ವಾರಕ್ಕೆ ಅರ್ಧ ಗಂಟೆ. ಹಿರಿಯರು ಮೊದಲು ಬರೆಯಬೇಕು, ಅದು ಮಾತ್ರ ತಪ್ಪಬಾರದು. ಹಿರಿಯರು ಬರೆಯದಿದ್ದರೆ ಕಿರಿಯರು ನನ್ನ ಹಾಗೆ ‘ಅಕ್ಷರ ದುಂಡಗಿಲ್ಲ’ ಎಂದು ಬರೆದು ಪುಟ ತುಂಬಿಸುತ್ತಾರೆ.

ವರ್ಗಾವಣೆಗೆ ಅರ್ಜಿ ಹಾಕುವುದಿಲ್ಲವಾ ಎಂದು ಮನೆಯಲ್ಲಿ ಕೇಳುತ್ತಾರೆ. ಹಾಸನ ನೆನಪಾಗುತ್ತದೆ, ಅಮ್ಮನಿಗೂ ವಯಸ್ಸಾಯಿತು. ಒಂದಲ್ಲ ಒಂದು ದಿನ ಹೋಗಬೇಕು. ಆ ವರ್ಷ ಮಾತ್ರ ನಾನು ಅರ್ಜಿ ಹಾಕಲಿಲ್ಲ.

ಹುಡುಗಿ ಯುಗಾದಿ ಮುಗಿದ ವಾರ ವಾಪಸು ಬಂದಳು. ಕಪ್ಪಾಗಿದ್ದಳು, ಬೆರಳುಗಳ ಮೇಲೆ ಕಬ್ಬಿನ ಸೋಗೆ ಗೀರಿದ ಗಾಯ. ಏಣಿಯಲ್ಲಿ ತನ್ನ ಮೆಟ್ಟಿಲು ತಾನೇ ಹುಡುಕಿಕೊಂಡಳು. ಜೊತೆಯವರಿಗಿಂತ ಬಹಳ ಕೆಳಗಿತ್ತು, ಅವಳಿಗೆ ಅದು ಗೊತ್ತಿತ್ತು. ಕಾರ್ಡು ತಗೊಂಡು ಬಂದು ನನ್ನ ಪಕ್ಕವೇ ಕೂತಳು.

ಬೇಸಿಗೆ ರಜೆಗೆ ಮೂರು ದಿನ ಇತ್ತು. ಹಳೇ ಕಾರ್ಡುಗಳನ್ನು ಜೋಡಿಸಿ ಕಟ್ಟುತ್ತಿದ್ದೆವು. ಅವಳು ಒಂದನ್ನು ಎತ್ತಿ ಹಿಡಿದು, ಬೆರಳಿಟ್ಟು ಓದಿದಳು. ‘ಗ… ರ… ಗ… ಸ.’ ಸರಿಯಾಗಿತ್ತು. ನಾನು ಶಹಬ್ಬಾಸ್ ಎನ್ನುವ ಮೊದಲೇ ತಲೆ ಎತ್ತಿ ಕೇಳಿದಳು, ‘ಗರಗಸ ಅಂದ್ರ ಏನ್ರಿ ಅಕ್ಕೋರ?’

ಅವಳು ಕನ್ನಡದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ ಅದು. ಮರ ಕೊಯ್ಯುವುದು ಎಂದು ಕೈಯಲ್ಲಿ ಮಾಡಿ ತೋರಿಸಿದೆ. ಅವಳಿಗೆ ಸಾಲಲಿಲ್ಲ, ಹುಬ್ಬು ಗಂಟು ಹಾಕಿಕೊಂಡೇ ನಿಂತಳು. ವರಾಂಡದಲ್ಲಿದ್ದ ಹೆಡ್ ಸರ್ ಇದನ್ನು ಕೇಳಿಸಿಕೊಂಡರೋ ಏನೋ, ಚಪ್ಪಲಿ ಮೆಟ್ಟಿ ಹೊರಟರು. ಕಾಲು ಗಂಟೆ ಬಿಟ್ಟು ಬಡಿಗೇರ ಮನೆಯಿಂದ ಒಂದು ಉದ್ದನೆಯ ಗರಗಸ ಹಿಡಿದು ಬಂದರು. ಹಿಂದೆ ನಾಲ್ಕು, ಐದನೇ ತರಗತಿಯ ಮಕ್ಕಳೆಲ್ಲಾ. ಅಂಗಳದಲ್ಲಿ ಬಿದ್ದಿದ್ದ ಬೇವಿನ ಕೊಂಬೆಯನ್ನು ಕಟ್ಟೆಗೆ ಒತ್ತಿ ಹಿಡಿದು, ‘ಬಾರವ್ವಾ, ಹಿಡಿ’ ಎಂದು ಅವಳನ್ನು ಕರೆದರು. ದೊಡ್ಡ ಅಕ್ಕೋರು ಕೊಂಬೆಯ ಇನ್ನೊಂದು ತುದಿ ಹಿಡಿದರು. ಬಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಗರ್, ಗರ್ ಎಂದು ಹಲ್ಲು ಕಚ್ಚಿಕೊಂಡು ಹುಡುಗಿ ಎಳೆದಳು. ಅವಳ ಕಾಲ ಮೇಲೆ ಮರದ ಪುಡಿ ಉದುರತೊಡಗಿತು.